ಪ್ರಶ್ನಾವಳಿಗೆ ಮೊದಲು ಜಗಲಿಯ ಮಾತು

‘ಕಳೆದ ವರ್ಷ ಕೊಳೆರೋಗದಿಂದ ನಿಮಗಾದ ನಷ್ಟ ಎಷ್ಟು?’ ಅಡಿಕೆ ಬೆಳೆಗಾರರ ಬಗ್ಗೆ ಸಂಶೋಧನೆ ಮಾಡುವವರು ಶಿವಮೊಗ್ಗದ ನಮ್ಮ ಕಚೇರಿಗೆ ತರುವ ಪ್ರಶ್ನಾವಳಿಗಳಲ್ಲಿ ಈ ಪ್ರಶ್ನೆ ಇಲ್ಲದಿರುವುದು ಅಪರೂಪ. ಕೊಳೆರೋಗವೆಂದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗ. ತೀರ್ಥಹಳ್ಳಿಯ ಕಡೆಯೋ ಹೊಸನಗರದ ಕಡೆಯೋ ಒಂದು ಮನೆಯ ಜಗಲಿಯಲ್ಲಿ ಕುಳಿತು ಇದನ್ನು ಕೇಳಿದರೆ ಉತ್ತರವೂ ಕೂಡಲೇ ಬರುತ್ತದೆ: ‘ಅರ್ಧಕ್ಕರ್ಧ ಹೋಯಿತು.’ ಪಕ್ಕದ ಮನೆಯವರೂ ಅದನ್ನೇ ಹೇಳುತ್ತಾರೆ. ಹಾಳೆ ತುಂಬುತ್ತದೆ, ಸಂಶೋಧನೆಗೆ ಮಾತ್ರ ಏನೂ ದಕ್ಕುವುದಿಲ್ಲ. ಯಾವುದರ ಅರ್ಧ? ಮರದಲ್ಲಿದ್ದ ಹಸಿ ಕಾಯಿಯದೋ, ಒಣಗಿಸಿ ಮಂಡಿಗೆ ಹಾಕಿದ ಅಡಿಕೆಯದೋ, ಕೈಗೆ ಬಂದ ಹಣದ್ದೋ? ಹಿಂದಿನ ವರ್ಷದ ಅರ್ಧವೋ, ಎಂದೋ ಒಮ್ಮೆ ಬಂದ ತುಂಬು ಫಸಲಿನ ಅರ್ಧವೋ? ‘ಕಳೆದ ವರ್ಷ’ವನ್ನು ಜನವರಿಯಿಂದ ಎಣಿಸಬೇಕೋ, ಯುಗಾದಿಯಿಂದಲೋ, ಕೊಯ್ಲಿನಿಂದ ಕೊಯ್ಲಿಗೋ?

ಊರೂರಿಗೆ ಹೋಗಿ ಮಾಹಿತಿ ತರುವ ತಂಡವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಪ್ರಶ್ನೆ ಬರೆಯುವವರು ಬೇರೆ, ಕೇಳುವವರು ನಮ್ಮ ಹುಡುಗ ಹುಡುಗಿಯರು. ಈ ಎರಡರ ನಡುವೆ ನಿಂತು ನಾನು ಪಟ್ಟು ಹಿಡಿಯುವುದು ಒಂದೇ ವಿಷಯಕ್ಕೆ. ಪ್ರಶ್ನಾವಳಿ ಅಂತಿಮವಾಗುವ ಮೊದಲು ಅದೇ ಊರುಗಳ ಕೆಲವರ ಜೊತೆ ನಿಧಾನವಾಗಿ ಕುಳಿತು ಮಾತನಾಡಬೇಕು. ಅನೇಕರು ಸಂದರ್ಶನಕ್ಕೆ ಹೊರಡುವುದು ಸಮೀಕ್ಷೆಯೆಲ್ಲ ಮುಗಿದ ಮೇಲೆ, ವರದಿಯಲ್ಲಿ ಹಾಕಲು ನಾಲ್ಕು ಚೆಂದದ ಮಾತು ಬೇಕಾದಾಗ. ಇದು ತಲೆಕೆಳಗಾದ ಕ್ರಮ ಎಂದೇ ನನ್ನ ನಂಬಿಕೆ. ಸಮೀಕ್ಷೆಯಲ್ಲಿ ಏನನ್ನು, ಯಾವ ಮಾತಿನಲ್ಲಿ, ಯಾರನ್ನು ಕೇಳಬೇಕು ಎಂಬುದು ಸಂದರ್ಶನದಿಂದಲೇ ಹೊರಡಬೇಕು.

ಹಾಗೆ ಕುಳಿತಾಗ ಮೊದಲು ತಿಳಿಯುವುದು ಜನ ತಮ್ಮ ಕೆಲಸವನ್ನು ಯಾವ ಲೆಕ್ಕದಲ್ಲಿ ನೆನಪಿಟ್ಟಿದ್ದಾರೆ ಎಂಬುದು. ಒಬ್ಬ ಹಿರಿಯ ಬೆಳೆಗಾರರನ್ನು ನಮ್ಮ ಹುಡುಗ ಕೇಳಿದ: ‘ಎರಡನೇ ಔಷಧಿ ಯಾವ ತಿಂಗಳು ಹೊಡೆಸಿದಿರಿ ಗೌಡರೇ?’ ಅವರು ಸ್ವಲ್ಪ ಹೊತ್ತು ಮಾಡು ನೋಡಿ, ‘ಆಗಸ್ಟ್ ಇರಬೇಕು, ಬರೆದುಕೊಳ್ಳಿ’ ಎಂದರು. ‘ಯಾವ ಮಳೆಯಲ್ಲಿ?’ ಎಂದು ನಾನು ಕೇಳಿದೆ. ‘ಪುನರ್ವಸು ಪೂರ್ತಿ ಬಿಡುವೇ ಕೊಡಲಿಲ್ಲ. ಪುಷ್ಯ ಹಿಡಿದ ಮೇಲೆ ಎರಡು ದಿನ ಹೊಳವಾಯಿತು, ಆಗ ಕೊನೆಗಾರ ಬಂದ. ಮೇಲಿನ ತೋಟ ಮುಗಿಯುವಷ್ಟರಲ್ಲಿ ಮತ್ತೆ ಮಳೆ. ಹೊಳೆ ಬದಿಯದ್ದು ಹಾಗೆಯೇ ಉಳಿಯಿತು. ಕಾಯಿ ಉದುರಿದ್ದೆಲ್ಲ ಅಲ್ಲಿಯೇ.’ ಕೊನೆಗಾರನೆಂದರೆ ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ, ಕೊನೆ ಕೊಯ್ಯುವ ಕೆಲಸಗಾರ. ಪುಷ್ಯ ಮಳೆ ಶುರುವಾಗುವುದು ಜುಲೈ 20ರ ಆಸುಪಾಸಿನಲ್ಲಿ. ಹದಿಮೂರು ಹದಿನಾಲ್ಕು ದಿನಗಳಲ್ಲಿ ಮುಗಿದು ಆಶ್ಲೇಷ ಬರುತ್ತದೆ. ಕಾಲ, ಕೆಲಸಗಾರರ ಕೊರತೆ, ತೋಟದ ಯಾವ ಭಾಗಕ್ಕೆ ಪೆಟ್ಟು ಬಿತ್ತು ಎಂಬುದು, ಅದರ ಕಾರಣ, ಎಲ್ಲವೂ ಆ ಒಂದು ಉತ್ತರದಲ್ಲಿ ಇದ್ದವು. ಎರಡು ಸಿಂಪಡಣೆಗಳ ನಡುವೆ 40ರಿಂದ 45 ದಿನಗಳ ಅಂತರ ಇರಬೇಕೆಂಬುದು ಶಿಫಾರಸು. ಆ ಅಂತರ ಎಷ್ಟು ಹಿಗ್ಗಿತು ಎಂದು ತಿಳಿಯಲು ಮಳೆ ನಕ್ಷತ್ರದ ಹೆಸರು ಸಾಕು. ಅದನ್ನು ದಿನಾಂಕಕ್ಕೆ ತಿರುಗಿಸುವ ಕೆಲಸ ಕಚೇರಿಯಲ್ಲಿ ಆಗುತ್ತದೆ. ಆದ್ದರಿಂದ ನಮ್ಮ ಹಾಳೆಯಲ್ಲಿ ಈಗ ತಿಂಗಳಿನ ಬದಲು ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ ಎಂದೇ ಅಚ್ಚಾಗುತ್ತದೆ. ‘ನಷ್ಟ ಎಷ್ಟು’ ಎಂಬ ಪ್ರಶ್ನೆಯ ಜಾಗದಲ್ಲಿ, ಈ ಕೊಯ್ಲಿನಲ್ಲಿ ಒಣ ಅಡಿಕೆ ಎಷ್ಟು ಚೀಲ ಆಯಿತು, ಅದಕ್ಕೆ ಹಿಂದಿನ ಕೊಯ್ಲಿನಲ್ಲಿ ಎಷ್ಟು, ಒಂದು ಚೀಲಕ್ಕೆ ಎಷ್ಟು ಕೆ.ಜಿ. ಹಿಡಿಯುತ್ತದೆ ಎಂಬ ಮೂರು ಚಿಕ್ಕ ಪ್ರಶ್ನೆಗಳಿವೆ. ಕಳೆಯುವುದು, ಭಾಗಿಸುವುದು ನಮ್ಮ ಪಾಲಿಗೆ.

ಮಲೆನಾಡಿನ ದಾಕ್ಷಿಣ್ಯದ ಬಗ್ಗೆಯೂ ಎಚ್ಚರ ಬೇಕು. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಟ್ಟು ಕೂರಿಸಿದ ಮೇಲೆ ಅವರ ಮಾತನ್ನು ತೆಗೆದುಹಾಕಲು ಯಾರಿಗೂ ಮನಸ್ಸಾಗುವುದಿಲ್ಲ. ಕೊಳೆರೋಗಕ್ಕೆ ಹೊಡೆಯುವ ಔಷಧಿ ಬೋರ್ಡೋ ದ್ರಾವಣ, ಮೈಲುತುತ್ತ ಮತ್ತು ಸುಣ್ಣವನ್ನು ನೀರಿನಲ್ಲಿ ಕಲಸಿ ಮಾಡುವುದು. ‘ಬೋರ್ಡೋ ದ್ರಾವಣವನ್ನು ಸರಿಯಾದ ಪ್ರಮಾಣದಲ್ಲಿ ತಯಾರಿಸುತ್ತೀರಾ?’ ಎಂದರೆ ‘ಹೌದು’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ನಾವು ಹಾಗೆ ಕೇಳುವುದಿಲ್ಲ. ಮೈಲುತುತ್ತ ಎಷ್ಟು ಕೆ.ಜಿ. ತಂದಿರಿ, ಸುಣ್ಣ ಎಷ್ಟು, ಯಾವ ಡ್ರಮ್ಮಿನಲ್ಲಿ ಕಲಸುತ್ತೀರಿ, ಎಷ್ಟು ಡ್ರಮ್ ಆಯಿತು ಎಂದು ಕೇಳುತ್ತೇವೆ. ಡ್ರಮ್ಮನ್ನು ಕಣ್ಣಾರೆ ನೋಡುತ್ತೇವೆ. ಶೇಕಡ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಪ್ರಮಾಣ ಸರಿಯಿದೆಯೇ ಎಂಬುದು ಅಷ್ಟರಿಂದಲೇ ಗೊತ್ತಾಗುತ್ತದೆ, ಯಾರನ್ನೂ ಪರೀಕ್ಷೆಗೆ ಕೂರಿಸಿದಂತೆ ಆಗುವುದಿಲ್ಲ.

ನನಗೆ ಹೆಚ್ಚು ಕಾಡುವುದು ಹೆಂಗಸರ ಕೆಲಸದ ಲೆಕ್ಕ. ‘ನಿಮ್ಮ ಮನೆಯವರು ಏನು ಕೆಲಸ ಮಾಡುತ್ತಾರೆ?’ ಎಂದು ಯಜಮಾನರನ್ನು ಕೇಳಿದರೆ ‘ಮನೆಯಲ್ಲೇ ಇರುತ್ತಾಳೆ’ ಎನ್ನುತ್ತಾರೆ. ಹಾಳೆಯಲ್ಲಿ ‘ಗೃಹಿಣಿ’ ಎಂದು ಬೀಳುತ್ತದೆ. ಆ ಹೊತ್ತಿಗೆ ಅವರು ಅಂಗಳದ ಚಪ್ಪರದಲ್ಲಿ ಬೇಯಿಸಿದ ಅಡಿಕೆ ಹರವುತ್ತಿರುತ್ತಾರೆ. ನಮ್ಮ ತಂಡದ ಹುಡುಗಿ ಅವರ ಪಕ್ಕದಲ್ಲಿ ಕುಳಿತು, ‘ಅಕ್ಕಾ, ನಿನ್ನೆ ಎದ್ದ ಕೂಡಲೇ ಏನು ಮಾಡಿದಿರಿ? ಅದಾದ ಮೇಲೆ?’ ಎಂದು ಒಂದೊಂದೇ ಬಿಡಿಸುತ್ತಾ ಹೋಗುತ್ತಾಳೆ. ಕೊಟ್ಟಿಗೆ, ಹಾಲು, ತಿಂಡಿ, ಹಂಡೆಯ ಒಲೆಗೆ ಬೆಂಕಿ, ಕೆಲಸದವರ ಊಟ, ಸಂಜೆ ಅಡಿಕೆ ಬಾಚಿ ಒಳಗಿಡುವುದು, ಊಟವಾದ ಮೇಲೆ ಮೆಟ್ಟುಗತ್ತಿಯ ಮೇಲೆ ಕುಳಿತು ಸುಲಿಯುವುದು. ‘ಮಲಗುವಾಗ ಎಷ್ಟು ಹೊತ್ತಾಗಿತ್ತು?’ ‘ಹನ್ನೊಂದು ದಾಟಿತ್ತು. ಅದೇನು ಕೆಲಸವೇ, ಕುಳಿತೇ ಮಾಡುವುದಲ್ಲವೇ?’ ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 2019ರಲ್ಲಿ ದೇಶದಾದ್ಯಂತ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ ಇದೇ ದಾರಿ ಹಿಡಿದಿದ್ದರು. ಹಿಂದಿನ ದಿನ ಬೆಳಗಿನ ಜಾವ 4 ಗಂಟೆಯಿಂದ ಮರುದಿನ 4 ಗಂಟೆಯವರೆಗೆ, ಅರ್ಧ ಅರ್ಧ ಗಂಟೆಯ ಲೆಕ್ಕ. ‘ಕೆಲಸ’ ಎಂಬ ಪದವನ್ನು ಎತ್ತದೆ ಕೆಲಸದ ಲೆಕ್ಕ ಪಡೆಯುವ ಈ ವಿಧಾನದ ಮೇಲೆ ನನಗೆ ಬಹಳ ಗೌರವ.

ಎಷ್ಟು ಹಿಂದಿನದನ್ನು ಕೇಳುತ್ತೇವೆ ಎಂಬುದರ ಮೇಲೂ ಉತ್ತರ ಬದಲಾಗುತ್ತದೆ. 1999-2000ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಆಹಾರದ ಖರ್ಚನ್ನು ಅದೇ ಮನೆಯವರಿಂದ 7 ದಿನಗಳಿಗೂ 30 ದಿನಗಳಿಗೂ ಕೇಳಲಾಯಿತು. ಒಂದು ಉತ್ತರ ಇನ್ನೊಂದನ್ನು ಎಳೆದಿರಬಹುದು ಎಂಬ ಅನುಮಾನದಿಂದ, ಆ ವರ್ಷದ ಬಡತನದ ಅಂಕಿಗಳನ್ನು ಹಿಂದಿನವುಗಳ ಜೊತೆ ಹೋಲಿಸಬಹುದೇ ಎಂಬ ವಾದ ಅರ್ಥಶಾಸ್ತ್ರಜ್ಞರ ನಡುವೆ ವರ್ಷಗಟ್ಟಲೆ ನಡೆಯಿತು. ನಾವು ದಿನಸಿಗೆ ಒಂದು ವಾರ, ಕೂಲಿಗೆ ಒಂದು ತಿಂಗಳು, ಮಾರಾಟಕ್ಕೆ ಒಂದು ಕೊಯ್ಲು ಎಂದು ಬೇರೆ ಬೇರೆಯಾಗಿ ಇಟ್ಟುಕೊಂಡು, ಒಂದನ್ನೊಂದು ಬೆರೆಸುವುದಿಲ್ಲ.

ಕಾಡಿನ ವಿಷಯ ಬಂದಾಗ ಇನ್ನೂ ನಾಜೂಕು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗಿನಿಂದ ಹರಡುವ ಈ ರೋಗದ ಬಗ್ಗೆ ಸಮೀಕ್ಷೆ ಮಾಡುವವರು ‘ಕಾಡಿಗೆ ಹೋಗುತ್ತೀರಾ?’ ಎಂದು ನೇರವಾಗಿ ಕೇಳಿದರೆ, ಅರಣ್ಯ ಇಲಾಖೆಯ ಭಯಕ್ಕೆ ‘ಇಲ್ಲ’ ಎನ್ನುತ್ತಾರೆ. ‘ಕೊಟ್ಟಿಗೆಗೆ ದರಗು (ಒಣ ಎಲೆ) ಎಲ್ಲಿಂದ ತರುತ್ತೀರಿ? ದನ ಯಾವ ಕಡೆ ಮೇಯುತ್ತವೆ?’ ಎಂದರೆ ದಾರಿಯನ್ನೇ ತೋರಿಸುತ್ತಾರೆ. ಹಾಗೆ ನಂಬಿ ಹೇಳಿದ್ದಕ್ಕೆ ನಾವು ಋಣಿಗಳು. ಹೆಸರು, ಸರ್ವೆ ನಂಬರ್ ಇರುವ ಪುಟವನ್ನು ಉತ್ತರಗಳಿಂದ ಬೇರ್ಪಡಿಸಿ ಇಡುತ್ತೇವೆ. ಹಾಗೆ ಇಡುತ್ತೇವೆ ಎಂದು ಮಾತಿನ ಆರಂಭದಲ್ಲೇ ಹೇಳುತ್ತೇವೆ. ಬಗರ್ ಹುಕುಂ ಜಮೀನಿನ ಪ್ರಶ್ನೆಗೂ ಇದೇ ಕ್ರಮ.

ಯಾರನ್ನು ಕೇಳಿದೆವು ಎಂಬುದನ್ನು ದಿನವೂ ನಕ್ಷೆಯ ಮೇಲೆ ನೋಡುತ್ತೇನೆ. ಇಲ್ಲಿ ಊರೆಂದರೆ ಸಾಲು ಮನೆಗಳಲ್ಲ, ಗುಡ್ಡಕ್ಕೊಂದು ಮನೆ. ಚುಕ್ಕೆಗಳೆಲ್ಲ ಡಾಂಬರು ರಸ್ತೆಯ ಪಕ್ಕದಲ್ಲೇ ಸಾಲಾಗಿ ನಿಂತರೆ, ಮರುದಿನ ತಂಡ ಹಳ್ಳದ ಕಾಲುಸಂಕ ದಾಟಿ ಆಚೆ ಹೋಗಲೇಬೇಕು. ಕೊನೆಗಾರರು, ಕೂಲಿಯವರು ಹಗಲು ಮನೆಯಲ್ಲಿ ಸಿಗುವುದಿಲ್ಲ; ಅವರಿಗಾಗಿ ಸಂಜೆಯ ಹೊತ್ತು ಮೀಸಲು.

ರಾತ್ರಿ ಉಳಿದ ಜಾಗದಲ್ಲೇ ಆ ದಿನದ ಹಾಳೆಗಳನ್ನು ಎಲ್ಲರೂ ಸೇರಿ ಓದುತ್ತೇವೆ. ಮುಖ್ಯವಾಗಿ ಹುಡುಕುವುದು ಖಾಲಿ ಬಿಟ್ಟ ಜಾಗಗಳನ್ನು. ಅಲ್ಲಿ 0 ಬರೆಯಲು ನಾನು ಬಿಡುವುದಿಲ್ಲ. ಕೇಳಲು ಬಿಟ್ಟುಹೋಯಿತೇ, ಗೊತ್ತಿಲ್ಲ ಎಂದರೇ, ಹೇಳಲು ಇಷ್ಟಪಡಲಿಲ್ಲವೇ, ಅಥವಾ ನಿಜವಾಗಿಯೂ ಏನೂ ಬೆಳೆಯಲಿಲ್ಲವೇ ಎಂಬುದಕ್ಕೆ ನಾಲ್ಕು ಬೇರೆ ಗುರುತುಗಳಿವೆ. ಯಾವುದೆಂದು ಕೇಳಿದವರಿಗೇ ನೆನಪಾಗದಿದ್ದರೆ, ಬೆಳಿಗ್ಗೆ ಊರು ಬಿಡುವ ಮೊದಲು ಆ ಮನೆಗೆ ಇನ್ನೊಮ್ಮೆ ಹೋಗಿ ಕೇಳಿ ಬರುತ್ತಾರೆ.