ಡಿಒ ಮೀಟರ್ ಸರಿಯಾಗಿಯೇ ಇತ್ತು

ನಮ್ಮ ಬಾಟ್ಲಿಂಗ್ ಪ್ಲಾಂಟಿನ ಗೇಟಿನ ಹತ್ತಿರ ಒಂದು ಬೋರ್ಡ್ ಇದೆ. ಒಂದು ಲೀಟರ್ ಡ್ರಿಂಕ್ ಮಾಡಲು ಎಷ್ಟು ಲೀಟರ್ ನೀರು ಖರ್ಚಾಯ್ತು ಅನ್ನೋ ಲೆಕ್ಕ ಅದರಲ್ಲಿರುತ್ತದೆ. ಮೊದಲು 2.1 ಇತ್ತು. ನಾನು 1.8ಕ್ಕೆ ಇಳಿಸಿದೆ. 'ನಾವು' ಅನ್ನಬೇಕು, ಗೊತ್ತು. ಆದರೆ ಆಗ 'ನಾನು' ಅಂತಲೇ ಹೇಳಿಕೊಂಡು ಓಡಾಡುತ್ತಿದ್ದೆ.

ಮಾಡಿದ್ದು ದೊಡ್ಡ ವಿದ್ಯೆಯೇನಲ್ಲ. ಟ್ಯಾಂಕು, ಪೈಪು ಬಿಚ್ಚದೆ ಒಳಗೇ ತೊಳೆಯೋದಕ್ಕೆ ಸಿಐಪಿ ಅಂತೀವಿ. ಆ ಸಿಐಪಿಯ ಕೊನೆಯ ರಿನ್ಸ್ ನೀರನ್ನು ಹಿಡಿದಿಟ್ಟು ಮುಂದಿನ ಸಿಐಪಿಯ ಮೊದಲ ರಿನ್ಸ್‌ಗೆ ಬಳಸಿದೆವು. ಆರ್‌ಒ ಫಿಲ್ಟರ್ ಹೊರಬಿಡುವ ರಿಜೆಕ್ಟ್ ನೀರು ಟಾಯ್ಲೆಟ್ ಫ್ಲಶ್‌ಗೆ ಹೋಯ್ತು. ಫ್ಲೇವರ್ ಚೇಂಜ್‌ಓವರ್‌ನಲ್ಲಿ ಪೈಪ್ ತೊಳೆಯುವ ಹೊತ್ತು ಕಡಿಮೆ ಮಾಡಿದೆವು. ಅಂತರ್ಜಲದ ಹೋರಾಟದಲ್ಲಿ ಕೇರಳದ ಪ್ಲಾಚಿಮಡದ ಕೋಕಾ-ಕೋಲಾ ಪ್ಲಾಂಟ್ 2004ರಲ್ಲಿ ಬಾಗಿಲು ಹಾಕಿದ ಮೇಲೆ, ಈ ಲೈನಿನಲ್ಲಿ ನೀರಿನ ಅಂಕಿ ಅಂದ್ರೆ ಮೇಲಿನವರಿಗೆಲ್ಲ ಮೈಯೆಲ್ಲಾ ಕಣ್ಣು. ಹೆಡ್ ಆಫೀಸಿನವರು ಬಂದು ಬೋರ್ಡ್ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಇಟಿಪಿ, ಅಂದ್ರೆ ಪ್ಲಾಂಟಿನ ಕೊಳೆ ನೀರನ್ನು ಬ್ಯಾಕ್ಟೀರಿಯಾದಿಂದ ಶುದ್ಧ ಮಾಡುವ ಘಟಕದ ಕಡೆ ಯಾರೂ ಹೋಗಲಿಲ್ಲ. ವಾಸನೆ ಅಲ್ವಾ.

ನೀರು ಕಡಿಮೆಯಾಯ್ತು. ಸಕ್ಕರೆ ಕಡಿಮೆಯಾಗಲಿಲ್ಲ. ಅಷ್ಟೇ ಸಕ್ಕರೆ ಈಗ ಕಡಿಮೆ ನೀರಿನಲ್ಲಿ ಇಟಿಪಿಗೆ ಬರುತ್ತಿತ್ತು. ಇನ್‌ಲೆಟ್ ಸಿಒಡಿ (ನೀರಿನಲ್ಲಿರುವ ಕೊಳೆಯನ್ನು ಉತ್ಕರ್ಷಿಸಲು ಎಷ್ಟು ಆಕ್ಸಿಜನ್ ಬೇಕು ಅನ್ನೋ ಅಳತೆ) ಏರುತ್ತಿರೋದನ್ನು ಆಪರೇಟರ್ ದಿನಾ ಲಾಗ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ನಾನು ದಿನಾ ಸೈನ್ ಹಾಕುತ್ತಿದ್ದೆ.

ಏಪ್ರಿಲ್ ತಿಂಗಳು, ಸೀಸನ್ನು. ನೈಟ್ ಶಿಫ್ಟ್. 2:40ಕ್ಕೆ ಇಟಿಪಿಯಿಂದ ಫೋನ್.

"ಸಾರ್, ಡಿಒ 0.3 ತೋರಿಸ್ತಿದೆ."

ಡಿಒ ಅಂದ್ರೆ ನೀರಿನಲ್ಲಿ ಕರಗಿರುವ ಆಕ್ಸಿಜನ್, ಬ್ಯಾಕ್ಟೀರಿಯಾದ ಉಸಿರು. ಸಾಮಾನ್ಯವಾಗಿ 2ರ ಆಸುಪಾಸು ಇರುತ್ತಿತ್ತು. ಆ ಪ್ರೋಬ್ ಮೊದಲೇ ಸುಳ್ಳುಬುರುಕ, ಲೋಳೆ ಕಟ್ಟಿದರೆ ಏನೇನೋ ತೋರಿಸುತ್ತಿತ್ತು. "ಒರೆಸಿ ನೋಡಿ" ಅಂದೆ.

ಹತ್ತು ನಿಮಿಷಕ್ಕೆ ಮತ್ತೆ ಫೋನ್. "ಒರೆಸಿದೆ ಸಾರ್. ಈಗ 0.2. ಈಕ್ವಲೈಸೇಶನ್ ಟ್ಯಾಂಕ್ ಹತ್ರ ತುಂಬಾ ಸಿಹಿ ವಾಸನೆ ಬರ್ತಿದೆ."

"ಸಾಫ್ಟ್ ಡ್ರಿಂಕ್ ಫ್ಯಾಕ್ಟರೀಲಿ ಸಿಹಿ ವಾಸನೆ ಬರದೆ ಇನ್ನೇನು ಬರುತ್ತೆ?" ಅಂದು ನಕ್ಕೆ. ಬೆಳಿಗ್ಗೆ ಕ್ಯಾಲಿಬ್ರೇಶನ್ ಮಾಡಿಸೋಣ ಅಂದೆ.

ನಾನಿದ್ದ ಕ್ಯಾಬಿನ್‌ನಿಂದ ಇಟಿಪಿಗೆ ಇನ್ನೂರು ಹೆಜ್ಜೆ. ಎದ್ದು ಹೋಗಲಿಲ್ಲ. ಕಂಪ್ರೆಸರ್ ರೀಡಿಂಗ್ ತುಂಬಿಸುತ್ತಾ ಕೂತೆ, ಟೀ ಕುಡಿದೆ. ಅವನೂ ಮತ್ತೆ ಫೋನ್ ಮಾಡಲಿಲ್ಲ. ನನ್ನ ಆ ನಗು ಕೇಳಿದ ಮೇಲೆ ಯಾರು ತಾನೇ ಮಾಡ್ತಾರೆ?

ನಾಲ್ಕು ಗಂಟೆ ಮೇಲೆ ಸೆಕ್ಯೂರಿಟಿಯವರು ಓಡಿ ಬಂದರು. ಹೋಗಿ ನೋಡಿದರೆ ಹಾಲು ಉಕ್ಕಿದ ಹಾಗೆ ಬ್ಯಾಕ್ಟೀರಿಯಾಗೆ ಗಾಳಿ ಊದುವ ಏರೇಶನ್ ಟ್ಯಾಂಕಿನ ಗೋಡೆ ದಾಟಿ ನೊರೆ ಇಳಿಯುತ್ತಿದೆ. ಆಪರೇಟರ್ ಒಂದು ಕೈಯಲ್ಲಿ ಹೋಸ್, ಇನ್ನೊಂದು ಕೈಯಲ್ಲಿ ನೊರೆ ಇಳಿಸುವ ಡಿಫೋಮರ್ ಬಕೆಟ್ ಹಿಡಿದು ನಿಂತಿದ್ದ. ಏನೂ ಮಾತಾಡಲಿಲ್ಲ. ಅಳತೆ ಜಾರ್ ತೋರಿಸಿದ. ದಿನಾ ಅರ್ಧ ಗಂಟೆಗೆ ಕಂದು ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಗಸಿ) ತಳಕ್ಕೆ ಕೂತು ಮೇಲೆ ತಿಳಿ ನಿಲ್ಲುತ್ತಿತ್ತು. ಅವತ್ತು ಜಾರ್ ತುಂಬಾ ಬರೀ ಗಂಜಿ ನೀರು.

ಸಿರಪ್ ರೂಮಿನಲ್ಲಿ ಚೇಂಜ್‌ಓವರ್‌ಗೆ ಟ್ಯಾಂಕ್ ಬೇಕಾಗಿತ್ತು. ಡಂಪ್ ಟ್ಯಾಂಕ್ ತುಂಬಿತ್ತು. ಹೋಲ್ಡ್ ಟೈಮ್ (ಇಟ್ಟುಕೊಳ್ಳಬಹುದಾದ ಹೊತ್ತು) ಮುಗಿದ ಸುಮಾರು 1,000 ಲೀಟರ್ ಸಿರಪ್ ಅನ್ನು ನೇರ ಡ್ರೈನ್‌ಗೆ ಬಿಟ್ಟಿದ್ದರು. 54 ಬ್ರಿಕ್ಸ್, ಅಂದ್ರೆ ತೂಕದಲ್ಲಿ ನೂರಕ್ಕೆ 54 ಪಾಲು ಸಕ್ಕರೆ. ಲೆಕ್ಕ ಹಾಕಿ, 670 ಕೆಜಿಗೂ ಜಾಸ್ತಿ ಸಕ್ಕರೆ, ಸಿಒಡಿಯಲ್ಲಿ ಹತ್ತಿರ ಹತ್ತಿರ 750 ಕೆಜಿ. ನಮ್ಮ ಇಟಿಪಿಯ ಬ್ಯಾಕ್ಟೀರಿಯಾ ಇಡೀ ದಿನ ತಿನ್ನೋದೇ ಹೆಚ್ಚುಕಡಿಮೆ ಅಷ್ಟು. ಮೊದಲಾದರೆ ರಿನ್ಸ್ ನೀರು ಧಾರಾಳವಾಗಿ ಬಂದು ಸ್ವಲ್ಪ ತೆಳ್ಳಗಾದರೂ ಆಗುತ್ತಿತ್ತು. ಆ ನೀರನ್ನು ಉಳಿಸಿದ ಪುಣ್ಯಾತ್ಮ ನಾನೇ.

2:40ಕ್ಕೇ ಹೋಗಿ ಫೀಡ್ ಪಂಪ್ ನಿಲ್ಲಿಸಿ ಬಫರ್ ಟ್ಯಾಂಕ್‌ಗೆ ತಿರುಗಿಸಿದ್ದರೆ ಮುಗಿದೇ ಹೋಗುತ್ತಿತ್ತು. ಎರಡು ನಿಮಿಷದ ಕೆಲಸ.

ಸೀಸನ್‌ನಲ್ಲಿ ಲೈನ್‌ಗಳು ಎರಡು ದಿನ ನಿಂತವು. ಬೇರೆ ಪ್ಲಾಂಟ್‌ನಿಂದ ಟ್ಯಾಂಕರ್‌ನಲ್ಲಿ ಸ್ಲಡ್ಜ್ ತಂದೆವು. ಸಕ್ಕರೆ ನೀರಿನಲ್ಲಿ ಸಾರಜನಕ, ರಂಜಕ ಎರಡೂ ಇರೋದಿಲ್ಲ, ಅದಕ್ಕೆ ಯೂರಿಯಾ, ಡಿಎಪಿ ಹಾಕಿದೆವು. ಸಗಣಿಯನ್ನೂ ಕರಗಿಸಿ ಹಾಕಿದೆವು. ಪ್ಲಾಂಟ್ ಹೆಡ್ ಇಟಿಪಿಯಲ್ಲಿ ಅರ್ಧ ಗಂಟೆ ನಿಂತಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು, ಮೂಗಿಗೆ ಕರ್ಚೀಫ್ ಹಿಡಿದುಕೊಂಡು. ಎಲ್ಲಾ ಒಂದು ಹದಕ್ಕೆ ಬರಲು 12 ದಿನ ಹಿಡಿಯಿತು.

ರೂಟ್ ಕಾಸ್ ಶೀಟಿನ ಮೊದಲ ಡ್ರಾಫ್ಟ್‌ನಲ್ಲಿ "ಆಪರೇಟರ್ ನಿರ್ಲಕ್ಷ್ಯ" ಅಂತಿತ್ತು. ಲಾಗ್‌ಬುಕ್ ತೆರೆದು ತೋರಿಸಿದೆ. ಅವನ ಗುಂಡು ಅಕ್ಷರದಲ್ಲಿತ್ತು: "2:40, ಡಿಒ 0.3. ಸಾಹೇಬರಿಗೆ ತಿಳಿಸಿದೆ. 2:50, 0.2. ವಾಸನೆ. ತಿಳಿಸಿದೆ." ಅವನು ಬಚಾವಾದ. ನನ್ನ ಹೆಸರು ಬಂತು. ಬರಲೇಬೇಕಿತ್ತು.

ಈಗ ಇಟಿಪಿಯಿಂದ ಫೋನ್ ಬಂದರೆ ಮಾತಾಡುತ್ತಲೇ ನಡೆಯುತ್ತಾ ಇರುತ್ತೇನೆ. ಸಿರಪ್ ರೂಮಿನ ಡ್ರೈನ್ ವಾಲ್ವ್‌ಗೆ ಬೀಗ ಬಿದ್ದಿದೆ, ಕೀಲಿ ಶಿಫ್ಟ್ ಇನ್‌ಚಾರ್ಜ್ ಹತ್ತಿರ. ಬೋರ್ಡ್ ಮೇಲೆ ಸಿಒಡಿ ಲೋಡ್ ಕೂಡ ಬರೆಸೋಣ ಅಂದೆ. "ವಿಸಿಟರ್ಸ್ ಓಡಾಡೋ ಜಾಗ, ಅದೆಲ್ಲ ಯಾಕೆ" ಅಂದರು. ಡ್ರೈನ್‌ಗೆ ಆನ್‌ಲೈನ್ ಸೆನ್ಸರ್ ಕೇಳಿದ್ದ ಕ್ಯಾಪೆಕ್ಸ್ ಅರ್ಜಿ (ಹೊಸ ಸಲಕರಣೆಗೆ ದುಡ್ಡು ಕೇಳೋದು) ಎರಡು ಸಲ ವಾಪಸ್ ಬಂದಿದೆ, "ಜಸ್ಟಿಫಿಕೇಶನ್ ಸಾಲದು" ಅಂತ. ಸದ್ಯಕ್ಕೆ ಕ್ಯೂಎ ಲ್ಯಾಬ್‌ನವರು ಬಿಸಾಕಿದ್ದ ಹಳೇ ರಿಫ್ರಾಕ್ಟೋಮೀಟರ್ ಹಿಡಿದು ಆಪರೇಟರ್ ಗಂಟೆಗೊಮ್ಮೆ ಪಿಟ್‌ನ ನೀರಿನ ಬ್ರಿಕ್ಸ್ ನೋಡುತ್ತಾನೆ. ಹೋದ ವಾರ ಅದರ ಮುಚ್ಚಳ ಮುರಿಯಿತು. ರಬ್ಬರ್ ಬ್ಯಾಂಡ್ ಸುತ್ತಿಕೊಂಡಿದ್ದಾನೆ.