ಕೆಳದಿಯಿಂದ ಬಸ್ರೂರಿಗೆ: ಮೆಣಸಿನ ದಾರಿಯಲ್ಲಿ ಸೈಕಲ್

ಕರಾವಳಿಗೆ ಸೈಕಲ್ ಹೊಡೆಯೋಣ ಎಂದವರೆಲ್ಲ ಸೀದಾ ಹೆದ್ದಾರಿ 66 ಹಿಡಿಯುತ್ತಾರೆ. ಅಗಲ ರಸ್ತೆ ಸರಿ, ಆದರೆ ಇಡೀ ದಿನ ಬಗಲಲ್ಲೇ ಲಾರಿ. ನನ್ನನ್ನು ಕೇಳಿದರೆ ಸಮುದ್ರಕ್ಕೆ ಮಲೆನಾಡಿನ ಕಡೆಯಿಂದ ಇಳಿಯಬೇಕು. ಕೆಳದಿ ಅರಸರ ಕಾಲದಲ್ಲಿ ಘಟ್ಟದ ಮೇಲಿನ ಮೆಣಸು, ಅಡಿಕೆ ಬಂದರು ಸೇರುತ್ತಿದ್ದದ್ದೂ ಹೀಗೆ ಇಳಿದೇ. ಕೆಳದಿ, ಇಕ್ಕೇರಿ, ನಗರ ಎಂಬ ಮೂರು ರಾಜಧಾನಿಗಳನ್ನು ದಾಟಿ ಹುಲಿಕಲ್ ಘಾಟಿ ಇಳಿದರೆ ಬಸ್ರೂರು, ಆಮೇಲೆ ಕುಂದಾಪುರ. ಹಳೆಯ ದಾರಿ ಇವತ್ತಿನ ಟಾರು ರಸ್ತೆಯ ಗೆರೆಯಲ್ಲೇ ಇತ್ತು ಎಂದಲ್ಲ, ದಿಕ್ಕು ಅದೇ.

ಶಿವಮೊಗ್ಗದಿಂದ ಸಾಗರದವರೆಗಿನ ಎಪ್ಪತ್ತು ಚಿಲ್ಲರೆ ಕಿಲೋಮೀಟರ್ ತುಳಿಯುವ ಹಟ ಬೇಡ. ತಾಳಗುಪ್ಪದ ರೈಲಿದೆ. ಸೈಕಲ್ಲನ್ನು ಪಾರ್ಸೆಲ್ ಆಫೀಸಿನಲ್ಲಿ ಬುಕ್ ಮಾಡಿಸಬೇಕಾದ್ದರಿಂದ ಸಾಕಷ್ಟು ಮುಂಚೆ ಹೋಗಿ. ತಾಳಗುಪ್ಪಕ್ಕೇ ಬುಕ್ ಮಾಡಿಸುವುದು ಜಾಣತನ: ಕೊನೆಯ ನಿಲ್ದಾಣ, ಇಳಿಸುವ ಗಡಿಬಿಡಿ ಇಲ್ಲ, ಅಲ್ಲಿಂದ ಸಾಗರಕ್ಕೆ ಒಂದು ಗಂಟೆಯ ದಾರಿ. ಇಲ್ಲ, ತುಳಿದೇ ಹೋಗುತ್ತೇನೆ ಎನ್ನುವವರು ಆನಂದಪುರದ ಹತ್ತಿರ ಮಲಂದೂರಿನ ಚಂಪಕಸರಸಿ ಕೊಳ ನೋಡದೆ ಮುಂದೆ ಹೋಗಬೇಡಿ.

ಸಾಗರದಲ್ಲಿ ಸಾಮಾನು ಇಳಿಸಿ ಬರಿ ಸೈಕಲ್ಲಿನಲ್ಲಿ ಕೆಳದಿ, ಇಕ್ಕೇರಿ ಸುತ್ತಿ ಬನ್ನಿ. ಎರಡೂ ಪೇಟೆಗೆ ಹತ್ತಿರ, ಆದರೆ ಬೇರೆ ಬೇರೆ ದಿಕ್ಕಿಗೆ. ಕೆಳದಿಯಲ್ಲಿ ವೀರಭದ್ರ ದೇವಸ್ಥಾನದ ಚಾವಣಿಯ ಗಂಡಭೇರುಂಡವನ್ನು ಕತ್ತೆತ್ತಿ ನೋಡಬೇಕು, ಇಕ್ಕೇರಿಯಲ್ಲಿ ಕತ್ತು ಬಗ್ಗಿಸಬೇಕು: ಅಘೋರೇಶ್ವರನ ಎದುರು ನೆಲದ ಕಲ್ಲಿನಲ್ಲಿ ಅಡ್ಡಬಿದ್ದಿರುವ ನಾಯಕರ ಆಕೃತಿಗಳಿವೆ. ಗೊತ್ತಿಲ್ಲದವರು ತುಳಿದುಕೊಂಡೇ ಹೋಗುತ್ತಾರೆ. 1623ರಲ್ಲಿ ಇಟಲಿಯ ಪಿಯೆತ್ರೊ ಡೆಲ್ಲಾ ವಾಲೆ ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆ ಕೆಳದಿಯ ಅರಸ ವೆಂಕಟಪ್ಪ ನಾಯಕನನ್ನು ಕಾಣಲು ಇದೇ ಊರಿಗೆ ಬಂದಿದ್ದ. ಹೊನ್ನಾವರದಿಂದ ಗೇರುಸೊಪ್ಪೆಗೆ ದೋಣಿ, ಅಲ್ಲಿಂದ ಘಟ್ಟ ಹತ್ತಿ. ನಮಗಾದರೆ ಇಳಿಯುವ ಸುಖ.

ಸುಖ ಎಂದೆನಲ್ಲ, ಅದು ಸಾಗರದಿಂದ ನಗರದ ಕಡೆಗೆ ಹೋಗುವ ಹೊಸನಗರದ ರಸ್ತೆಗೆ ಅನ್ವಯಿಸುವುದಿಲ್ಲ. ದೊಡ್ಡ ಘಟ್ಟ ಯಾವುದೂ ಇಲ್ಲ, ಆದರೆ ಏರು, ಇಳಿಜಾರು, ಮತ್ತೆ ಏರು. ಹೊಸನಗರದ ಸುತ್ತ ಶರಾವತಿಯ ಹಿನ್ನೀರು. ದಾರಿಯಲ್ಲಿ ಅಂಗಡಿಗಳು ದೂರ ದೂರ, ನೀರಿನ ಬಾಟಲಿ ಎರಡಿರಲಿ. ಅಡಿಕೆ ಕೊಯ್ಲಿನ ದಿನಗಳಾದರೆ ಮನೆಮನೆಯ ಅಂಗಳದಲ್ಲೂ ಅಡಿಕೆ ಬೇಯಿಸುವ ಹಂಡೆಯ ಒಲೆ ಉರಿಯುತ್ತಿರುತ್ತದೆ. ಹೀಗೇ ಒಂದು ಅಂಗಳದ ಮುಂದೆ ನಿಂತು ನೀರು ಕೇಳಿದೆ. ಹೆಂಗಸರು ಸಾಲಾಗಿ ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುತ್ತಿದ್ದರು, ಮಾತಿಗೆ ಕೈ ನಿಲ್ಲುತ್ತಿರಲಿಲ್ಲ. ಚೊಗರಿಗೆ ಬೆರಳೆಲ್ಲ ಕಪ್ಪು. ಹಿರಿಯರೊಬ್ಬರು ತಲೆಯೆತ್ತಿ, “ಬಸ್ಸು ಸಿಗ್ಲಿಲ್ವಾ ತಮ್ಮ?” ಎಂದರು. ಮಜ್ಜಿಗೆ ಬಂತು, ಜೊತೆಗೆ ಅಪ್ಪೆಮಿಡಿ. ಬೆವರು ಹರಿಸಿದ ಮೈಗೆ ಇದರ ಮುಂದೆ ಯಾವ ಎನರ್ಜಿ ಡ್ರಿಂಕೂ ಇಲ್ಲ.

ನಗರಕ್ಕೆ ಅರ್ಧ ದಿನವಾದರೂ ಕೊಡಿ. ಬಿದನೂರು ಎಂದಿದ್ದ ಈ ಊರನ್ನು 1763ರಲ್ಲಿ ಗೆದ್ದ ಹೈದರಾಲಿ ಹೈದರ್‌ನಗರ ಎಂದು ಕರೆದ, ಉಳಿದದ್ದು ಬಾಲ ಮಾತ್ರ. ಶಿವಪ್ಪ ನಾಯಕನ ಕೋಟೆ ರಸ್ತೆ ಪಕ್ಕದಲ್ಲೇ ಇದೆ. ಮೇಲೆ ಹತ್ತಿ ಅಕ್ಕ-ತಂಗಿ ಕೊಳ ನೋಡಿಕೊಂಡು, ಸಮಯವಿದ್ದರೆ ಸೈಕಲ್ಲಿನಲ್ಲಿ ದೇವಗಂಗೆಯ ಕೊಳಗಳ ಕಡೆಗೂ ಒಂದು ಸುತ್ತು ಹಾಕಿ. ಉಳಿಯಲು ಹೊಸನಗರದಲ್ಲಿ ಲಾಡ್ಜ್ ಸಿಗುತ್ತದೆ, ನಗರದ ಸುತ್ತ ಹೋಂಸ್ಟೇಗಳಿವೆ. ಫೋನ್ ಮಾಡದೆ ಹೋಗಬೇಡಿ, ಊಟ ಬೇಕೆಂದು ಹಿಂದಿನ ದಿನವೇ ಹೇಳಿಡಿ.

ಇನ್ನು ಘಾಟಿ. ಸುಮಾರು 600 ಮೀಟರ್ ಎತ್ತರದ ಮಾಸ್ತಿಕಟ್ಟೆ ಕಡೆಯಿಂದ ಹೊಸಂಗಡಿಗೆ ಇಳಿಯುವ ಹೊತ್ತಿಗೆ ಸಮುದ್ರಮಟ್ಟ ಹತ್ತಿರವಾಗಿರುತ್ತದೆ. ಇಲ್ಲಿ ಗೇರಿನ ಕೆಲಸ ಕಡಿಮೆ, ಬ್ರೇಕಿನದೇ ಎಲ್ಲ. ಹೊರಡುವ ಮುಂಚೆ ಪ್ಯಾಡ್ ಬದಲಿಸಿ, ಹಳೆಯದು ಇನ್ನೂ ಸ್ವಲ್ಪ ಬರುತ್ತದೆ ಎನ್ನುವ ಲೆಕ್ಕ ಬೇಡ. ಚಕ್ರದ ಅಂಚನ್ನೇ ಹಿಡಿಯುವ ರಿಮ್ ಬ್ರೇಕ್ ಇದ್ದರೆ ಒಂದೇ ಸಮನೆ ಒತ್ತಿ ಹಿಡಿಯಬೇಡಿ: ರಿಮ್ ಕಾಯುತ್ತದೆ, ಟ್ಯೂಬ್ ಸಿಡಿಯಲೂಬಹುದು. ತಿರುವಿಗೆ ಮುಂಚೆಯೇ ಗಟ್ಟಿ ಹಿಡಿದು ವೇಗ ಇಳಿಸಿ, ಬಿಟ್ಟು, ಮತ್ತೆ ಹಿಡಿಯಿರಿ. ನಡುವೆ ಚಂಡಿಕಾಂಬಾ ದೇವಸ್ಥಾನದ ಎದುರು ಬಸ್ಸು, ಲಾರಿಗಳೆಲ್ಲ ನಿಂತು ಕೈಮುಗಿದು ಹೋಗುತ್ತವೆ. ನೀವೂ ನಿಲ್ಲಿ. ಭಕ್ತಿ ಇಲ್ಲದಿದ್ದರೂ ಬ್ರೇಕ್ ಆರುತ್ತದೆ. ಬೆಳಿಗ್ಗೆ ಮಂಜಿರುತ್ತದೆ, ಹಿಂದೆ ಮುಂದೆ ದೀಪ ಹಾಕಿಕೊಂಡೇ ಇಳಿಯಿರಿ. ಮೊಬೈಲ್ ಸಿಗ್ನಲ್ ನಂಬಬೇಡಿ.

ಮಳೆಗಾಲದಲ್ಲಿ ಈ ಪ್ರಯಾಣ ಬೇಡವೇ ಬೇಡ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಜಾಗಗಳಲ್ಲಿ ಹುಲಿಕಲ್ ಒಂದು. ಉಂಬಳ, ಜಾರುವ ಪಾಚಿ, ಕುಸಿಯುವ ಧರೆ, ಇವುಗಳ ನಡುವೆ ಕೋಟೆ ನೋಡುವ ಮನಸ್ಸೂ ಇರುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿ ಸರಿಯಾದ ಕಾಲ. ಪಂಕ್ಚರ್ ಅಂಗಡಿಗಳು ದಾರಿಯಲ್ಲಿವೆ, ಆದರೆ ಅವು ಬೈಕಿನವು. ನಿಮ್ಮದು ಪ್ರೆಸ್ಟಾ ಎಂಬ ತೆಳು ಸೈಕಲ್ ವಾಲ್ವ್ ಆದರೆ ಟ್ಯೂಬ್, ಪಂಪು, ಅಡಾಪ್ಟರ್ ಮೂರೂ ಚೀಲದಲ್ಲಿರಲಿ.

ಹೊಸಂಗಡಿ ದಾಟಿ ಸಿದ್ದಾಪುರ ಬರುವಷ್ಟರಲ್ಲಿ ಸೆಕೆ ಹಿಡಿದುಕೊಳ್ಳುತ್ತದೆ. ಹೋಟೆಲಿನಲ್ಲಿ ಗೋಳಿಬಜೆ, ಬನ್ಸ್ ಶುರು. ಬಸ್ರೂರಿನಲ್ಲಿ ಕಡಲು ಹುಡುಕಬೇಡಿ, ಅದು ಹೊಳೆಯ ಬಂದರು. ಪೋರ್ಚುಗೀಸರು ಅಕ್ಕಿಗಾಗಿ ಕಾದಾಡಿದ, 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಲೂಟಿ ಮಾಡಿದ ಊರು ಈಗ ದೇವಸ್ಥಾನ, ತೆಂಗಿನ ತೋಟ, ಕಿರಿದಾದ ಬೀದಿಗಳ ಪೇಟೆ. ಬಂದರಿನ ಗುರುತು ಹುಡುಕಿ ಹೋದವರಿಗೆ ನಿರಾಸೆಯಾದೀತು. ನನಗೆ ಮಾತ್ರ ಕುಂದಾಪುರಕ್ಕಿಂತ ಇದೇ ಹಿಡಿಸಿತು.

ಕಡಲು ಬೇಕೆಂದರೆ ಕುಂದಾಪುರ ಮುಟ್ಟಿ ಕೋಡಿಗೆ ಹೋಗಿ. ವಾಪಸ್ಸು ಶಿವಮೊಗ್ಗಕ್ಕೆ ಬಸ್ಸುಗಳಿವೆ. ಸೈಕಲ್ ಹಾಕಿಕೊಳ್ಳುತ್ತಾರೋ ಇಲ್ಲವೋ ಎಂಬುದು ಕಂಡಕ್ಟರ್ ಕೈಲಿರುತ್ತದೆ. ಮುಂದಿನ ಚಕ್ರ ಬಿಚ್ಚಿಟ್ಟುಕೊಂಡು, ಲಗೇಜಿನ ದುಡ್ಡು ಕೊಡುತ್ತೇನೆಂದು ಮೊದಲೇ ಹೇಳಿ ಕೇಳಿ. ವಾರದ ನಡುವಿನ ದಿನವಾದರೆ ಒಪ್ಪುವ ಸಾಧ್ಯತೆ ಹೆಚ್ಚು.