ರಿಪೋರ್ಟ್ ನಾರ್ಮಲ್ ಇದ್ದರೂ ಕಾಲು ಏಳುವುದಿಲ್ಲ

ಕಾಲು ಎಳೆದುಕೊಂಡು ನಡೆಯುವವರಿಗೆ "ಎಂಆರ್‌ಐ ನಾರ್ಮಲ್, ನಿಮಗೇನೂ ಆಗಿಲ್ಲ, ಟೆನ್ಶನ್ ಮಾಡ್ಕೋಬೇಡಿ" ಅಂತ ಹೇಳಿ ಕಳಿಸುವುದನ್ನು ಇನ್ನಾದರೂ ನಿಲ್ಲಿಸಬೇಕು.

ಉಡುಪಿಯಲ್ಲಿರುವ ನನ್ನ ದೊಡ್ಡಮ್ಮನ ಮಗಳಿಗೆ ಆದದ್ದು ಇದೇ. ಅಕ್ಕ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಒಂದು ಬೆಳಗ್ಗೆ ಎದ್ದರೆ ಎಡಗಾಲಿಗೆ ಬಲವೇ ಇಲ್ಲ. ಸ್ಟ್ರೋಕ್ ಇರಬಹುದು ಅಂತ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋದರು, ಹೋಗಲೇಬೇಕು. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಮನೆಗೆ ಬಂದ ಮೇಲೆ ಒಬ್ಬರು ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿ ಅಂದರು, ಇನ್ನೊಬ್ಬರು ಮೈಗಳ್ಳತನ ಅಂದರು. ಯಾಕಂದ್ರೆ ಮೆಷಿನಿನ ಮುಂದೆ ಕೂತು, ಬಟ್ಟೆಯ ಮೇಲೆ ಕಣ್ಣಿಟ್ಟು ಪೆಡಲ್ ತುಳಿಯುವಾಗ ಅದೇ ಎಡಗಾಲು ಚೆನ್ನಾಗಿ ಆಡುತ್ತಿತ್ತು, ಎದ್ದು ನಡೆಯೋಣ ಅಂದರೆ ಮತ್ತೆ ನೆಲ ಬಿಟ್ಟು ಏಳುತ್ತಿರಲಿಲ್ಲ. ನೋಡಿದವರು ನಾಟಕ ಅಂದುಕೊಂಡರು. ಆದರೆ ಈ ಕಾಯಿಲೆಯ ಗುರುತೇ ಅದು.

ಇದರ ಹೆಸರು ಫಂಕ್ಷನಲ್ ನ್ಯೂರೊಲಾಜಿಕಲ್ ಡಿಸಾರ್ಡರ್, ಎಫ್‌ಎನ್‌ಡಿ. ಮೆದುಳಲ್ಲಿ ಗಾಯ ಇಲ್ಲ, ಗಡ್ಡೆ ಇಲ್ಲ. ಕೈಕಾಲು ಆಡಿಸುವ ಅದರ ಕೆಲಸ ಮಾತ್ರ ತಪ್ಪುತ್ತದೆ. ಆ ಅಂಗದ ಮೇಲೆ ಗಮನ ಹೋದಷ್ಟೂ ತೊಂದರೆ ಜಾಸ್ತಿ, ಗಮನ ಬೇರೆ ಕಡೆ ಹೋದರೆ ಕಮ್ಮಿ.

ಇದನ್ನು ಪತ್ತೆ ಮಾಡಲು ದೊಡ್ಡ ಯಂತ್ರ ಬೇಕಿಲ್ಲ. 1908ರಲ್ಲಿ ಚಾರ್ಲ್ಸ್ ಫ್ರಾಂಕ್ಲಿನ್ ಹೂವರ್ ಅನ್ನುವ ಅಮೆರಿಕದ ವೈದ್ಯರು ಒಂದು ಪರೀಕ್ಷೆ ವಿವರಿಸಿದರು. ಮಲಗಿರುವವರಿಗೆ ಬಲವಿಲ್ಲದ ಕಾಲಿನ ಹಿಮ್ಮಡಿಯನ್ನು ಕೆಳಗೆ ಒತ್ತಿ ಅಂದರೆ ಆಗುವುದಿಲ್ಲ. ಈಗ ವೈದ್ಯರು ಆ ಹಿಮ್ಮಡಿಯ ಕೆಳಗೆ ಅಂಗೈ ಇಟ್ಟುಕೊಂಡು, ಇನ್ನೊಂದು ಕಾಲನ್ನು ಮೇಲೆತ್ತಿ ಅನ್ನುತ್ತಾರೆ, ಏಳುವ ಕಾಲನ್ನು ಕೈಯಿಂದ ಅದುಮಿ ಹಿಡಿಯುತ್ತಾರೆ. ಎಫ್‌ಎನ್‌ಡಿ ಇದ್ದರೆ ಆಗ ಆ ಬಲವಿಲ್ಲದ ಹಿಮ್ಮಡಿ ತಾನಾಗಿಯೇ ಅಂಗೈಯನ್ನು ಗಟ್ಟಿಯಾಗಿ ಒತ್ತುತ್ತದೆ! ಕೈ ನಡುಗುವವರಿಗೂ ಹೀಗೇ ಒಂದು ಪರೀಕ್ಷೆ ಇದೆ. ಇನ್ನೊಂದು ಕೈಯಲ್ಲಿ ತಾಳ ಹಾಕಲು ಹೇಳಿದರೆ ಎಫ್‌ಎನ್‌ಡಿಯ ನಡುಕ ನಿಲ್ಲುತ್ತದೆ, ಇಲ್ಲಾಂದ್ರೆ ಅದೇ ತಾಳಕ್ಕೆ ಬರುತ್ತದೆ.

ಅಂದರೆ ಎಲ್ಲ ಟೆಸ್ಟ್ ಮಾಡಿ, ಏನೂ ಸಿಗದೆ, ಕೊನೆಗೆ ಅಂಟಿಸುವ ಹೆಸರಲ್ಲ ಇದು. "ಮನಸ್ಸಿಗೆ ಏನೋ ಆಗಿರಬೇಕು" ಅಂತ ಕೆದಕಲೇಬೇಕು ಅಂತಲೂ ಇಲ್ಲ. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ ಹೊರತರುವ ಕೈಪಿಡಿ ಡಿಎಸ್‌ಎಂ-5, 2013ರಲ್ಲಿ ಬಂದಾಗ ಆ ಷರತ್ತನ್ನು ತೆಗೆದುಹಾಕಿತು. ಮಾನಸಿಕ ಒತ್ತಡ ಕೆಲವರಲ್ಲಿ ಇರುತ್ತದೆ, ಕೆಲವರಲ್ಲಿ ಇರುವುದಿಲ್ಲ. ಬೇರೆ ದೊಡ್ಡ ಕಾಯಿಲೆ ಇದ್ದು ಅದು ಗೊತ್ತಾಗದೇ ಹೋದರೆ ಅನ್ನುವ ಭಯ ಹಳೆಯದು, ಅರ್ಥವಾಗುವಂಥದ್ದೂ ಹೌದು. ಸ್ಕಾಟ್ಲೆಂಡಿನ ನರರೋಗ ತಜ್ಞ ಜಾನ್ ಸ್ಟೋನ್ ಮತ್ತವರ ಜೊತೆಗಾರರು 2005ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದಾಗ, 1970ರಿಂದ ಈಚೆಗೆ ಹಾಗೆ ತಪ್ಪಿದ್ದು ಶೇಕಡಾ 4ರಷ್ಟು ಮಾತ್ರ.

ಅಕ್ಕನನ್ನು ನೋಡಿದ ಎರಡನೇ ವೈದ್ಯರು ಆ ಪರೀಕ್ಷೆಯನ್ನು ಅವಳಿಗೇ ಗೊತ್ತಾಗುವ ಹಾಗೆ ಮಾಡಿ ತೋರಿಸಿದರು. "ನೋಡಿ, ನರ ಕಡಿದಿಲ್ಲ, ಕಾಲಲ್ಲಿ ಬಲ ಇದೆ. ನೀವು ಬೇಕಂತ ಮಾಡ್ತಿಲ್ಲ ಅಂತ ನಂಗೆ ಗೊತ್ತು." ಅಕ್ಕ ಅಲ್ಲೇ ಅತ್ತುಬಿಟ್ಟಳು. ರಿಪೋರ್ಟ್ ತೋರಿಸಿ ಏನೂ ಇಲ್ಲ ಅನ್ನುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ? ಈಗ ಫಿಸಿಯೋಥೆರಪಿ ನಡೆಯುತ್ತಿದೆ. ಕಾಲನ್ನು ನೋಡದೆ, ಮಾತಾಡುತ್ತಾ, ಹಿಂದಕ್ಕೆ ಹೆಜ್ಜೆ ಇಡುವುದು, ಹೀಗೆ.

ಎಲ್ಲರಿಗೂ ಪೂರ್ತಿ ವಾಸಿಯಾಗುತ್ತದೆ ಅಂತ ನಾನು ಹೇಳುವುದಿಲ್ಲ. ಇದೇ ಕಾಯಿಲೆಯಿಂದ ಬರುವ ಫಿಟ್ಸ್‌ಗೆ ಮಾತಿನ ಚಿಕಿತ್ಸೆ ಕೊಟ್ಟು ನೋಡಿದ, 368 ಜನರಿದ್ದ ಬ್ರಿಟನ್ನಿನ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ವರ್ಷದ ಕೊನೆಗೆ ಫಿಟ್ಸ್ ಎಣಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ, ಆದರೆ ದಿನದ ಬದುಕು ಸುಧಾರಿಸಿತ್ತು. ಅದು ಸಣ್ಣ ವಿಷಯ ಅಂತ ನನಗೆ ಅನ್ನಿಸುವುದಿಲ್ಲ.

ಫಿಟ್ಸ್ ಮಾತು ಬಂತಲ್ಲ, ಮನೆಯಲ್ಲಿ ಯಾರಿಗಾದರೂ ಬರುತ್ತಿದ್ದರೆ ಮೊಬೈಲಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ, ಮುಖ ಕಾಣುವ ಹಾಗೆ. ಅಪಸ್ಮಾರದಲ್ಲಿ ಸಾಮಾನ್ಯವಾಗಿ ಕಣ್ಣು ತೆರೆದಿರುತ್ತದೆ, ಎಫ್‌ಎನ್‌ಡಿಯಲ್ಲಿ ಹೆಚ್ಚಾಗಿ ಮುಚ್ಚಿರುತ್ತದೆ. ಆದರೆ ಅದನ್ನು ನೋಡಿ ನೀವೇ ತೀರ್ಮಾನ ಮಾಡಿ ಮಾತ್ರೆ ನಿಲ್ಲಿಸಬೇಡಿ. ವಿಡಿಯೋ ಡಾಕ್ಟರಿಗೆ ತೋರಿಸಿ, ಬೇಕಾದರೆ ಅವರು ವಿಡಿಯೋ ಇಇಜಿ, ಅಂದರೆ ವಿಡಿಯೋ ತೆಗೆಯುತ್ತಲೇ ಮೆದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಪರೀಕ್ಷೆ, ಮಾಡಿಸುತ್ತಾರೆ.